ಅಪ್‌ಡೇಟ್: ಇನ್‌ಚಾರ್ಜಾ ಎಂಎಸ್ಸಿನಾ ಅಂತ ಕೇಳಿದ್ನಲ್ಲ, ಡಿಸೈಡ್ ಆಯ್ತು

ಉತ್ತರ ಕೊಟ್ಟೋರಿಗೆಲ್ಲ ಥ್ಯಾಂಕ್ಸ್. ಗೊತ್ತಿಲ್ದೋರಿಗೆ, ನಾನು ಮೈಸೂರಲ್ಲಿ ಐಸಿಯು ಸ್ಟಾಫ್ ನರ್ಸ್, ವಾರ್ಡ್ ಇನ್‌ಚಾರ್ಜ್ ಪೋಸ್ಟ್ ತಗೊಳ್ಳೋದಾ ಎಂಎಸ್ಸಿ ನರ್ಸಿಂಗ್ ಮಾಡೋದಾ ಅಂತ ತಲೆ ಕೆಟ್ಟು ಕೇಳಿದ್ದೆ. ಒಬ್ರು ಗಿಬ್ಸ್ ಸೈಕಲ್ ಟ್ರೈ ಮಾಡಿ ಅಂದ್ರು, ಅಂದ್ರೆ ನಮ್ಗಾದ ಅನುಭವನ ಬರ್ದು ಅದ್ರಿಂದ ಕಲಿಯೋ ವಿಧಾನ, ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟಿದ್ದು, ಏನಾಯ್ತು, ಏನನ್ನಿಸ್ತು, ಯಾವ್ದು ಸರಿಹೋಯ್ತು ಯಾವ್ದು ಇಲ್ಲ, ಯಾಕೆ, ಬೇರೆ ಏನ್ ಮಾಡ್ಬೋದಿತ್ತು, ಮುಂದಿನ ಸಲ ಏನು ಅಂತ 6 ಹಂತ. ನೈಟ್ ಡ್ಯೂಟಿ ಮುಗ್ಸಿ ಆರೂ ಬರೆಯೋಕೆ ಯಾರಿಗ್ರೀ ತ್ರಾಣ, ನಾನು ಬೇರೆದೆಲ್ಲ ಚುಟುಕಾಗಿ ಗೀಚಿ "ಯಾಕೆ" ಅನ್ನೋದಕ್ಕೇ ಟೈಮ್ ಕೊಟ್ಟೆ.

ಈಗ ಹಿಂದೆ ತಿರುವಿ ಓದಿದ್ರೆ ಮಜಾ ಇದೆ, ಡ್ಯೂಟಿ ರೋಸ್ಟರ್ ಹಾಕೋದು, ಸಾಮಾನು ಬೇಕು ಅಂತ ಸ್ಟೋರ್‌ಗೆ ಇಂಡೆಂಟ್ ಬರೆಯೋದು ಅಂತ ಇನ್‌ಚಾರ್ಜ್ ಥರದ ಕೆಲ್ಸ ಇದ್ದ ದಿನ ಬರೀ "ಸುಸ್ತು" ಅಂತಿದೆ, ಅದೇ ಹೊಸ ಹುಡುಗಿಗೆ ವೆಂಟಿಲೇಟರ್ ಹೈ ಪ್ರೆಶರ್ ಅಲಾರಂ ಹೊಡ್ಕೊಂಡ್ರೆ ಸುಮ್ನೆ ಮ್ಯೂಟ್ ಒತ್ಬೇಡ ಕಣೇ, ಮೊದ್ಲು ಪೇಷಂಟ್ ನೋಡು, ಟ್ಯೂಬ್ ಮಡಚಿದ್ಯಾ, ಕಫ ಕಟ್ಟಿದ್ಯಾ ನೋಡು ಅಂತ ಹೇಳ್ಕೊಟ್ಟ ದಿನ ಪುಟ ತುಂಬಾ ಬರ್ದಿದೀನಿ. ಹೇಳ್ಕೊಡೋದೇ ನಂಗಿಷ್ಟ ಅನ್ನೋಕೆ ಇನ್ನೇನ್ ಸಾಕ್ಷಿ ಬೇಕು.

ಸೋ ಇನ್‌ಚಾರ್ಜ್ ಬೇಡ ಅಂದೆ (ವಾರ್ಡ್ ಸಿಸ್ಟರ್ ಸ್ವಲ್ಪ ಮುಖ ಊದಿಸ್ಕೊಂಡಿದಾರೆ, ಇರ್ಲಿ). ಎಂಎಸ್ಸಿಲಿ ಮೆಡಿಕಲ್ ಸರ್ಜಿಕಲ್ ನರ್ಸಿಂಗ್ ವಿಭಾಗಕ್ಕೆ ಅಪ್ಲೈ ಮಾಡ್ತಿದೀನಿ, ಮುಂದೆ ಕಾಲೇಜಲ್ಲಿ ಪಾಠ ಮಾಡೋ ಪ್ಲಾನ್. ಫೀಸ್ ವಿಷ್ಯ ಮನೇಲಿ ಇನ್ನೂ ಚರ್ಚೆಲಿದೆ, ಅಪ್ಪ ಅರ್ಧ ಒಪ್ಪಿದಾರೆ.