ಜಾಗ ಬದಲಾದ ಮೇಲೆ ಕುದುರೆ ನೀರು ಕುಡಿಯುತ್ತಿಲ್ಲ, ಲದ್ದಿ ಗಟ್ಟಿ (ಪುಣೆ)

ವಾಘೋಲಿ_ಸವಾರ:
ನಮಸ್ಕಾರ. ನನ್ನದು 9 ವರ್ಷದ ಮಾರ್ವಾಡಿ ಹೆಣ್ಣು ಕುದುರೆ, ಸುಮಾರು 380 ಕೆಜಿ. ಮುಳಶಿ ಕಡೆಯ ಲಾಯದಿಂದ ವಾಘೋಲಿಗೆ ತಂದು 5 ದಿನ ಆಯಿತು. ಅಲ್ಲಿ ಬಾವಿ ನೀರು, ಇಲ್ಲಿ ಟ್ಯಾಂಕರ್. ನಿನ್ನೆಯಿಂದ ಲದ್ದಿ ಕಮ್ಮಿ. ಬಂದರೂ ಗಟ್ಟಿ ಉಂಡೆ, ಒಡೆದರೆ ಒಣ ಹೊಟ್ಟಿನ ಹಾಗೆ. ಮೇವು ಅರ್ಧ ಬಿಡುತ್ತಾಳೆ. ನೀರಿಗೆ ಬ್ಲೀಚಿಂಗ್ ಪೌಡರ್ ವಾಸನೆ ಇದೆ, ಅದೇ ಕಾರಣ ಅಂತ ನನಗೆ ಗ್ಯಾರಂಟಿ. ಫಿಲ್ಟರ್ ಹಾಕಿಸಲಾ?

ಲಾಯದಕ್ಕ:
ಫಿಲ್ಟರ್ ಆಮೇಲೆ. ನೆಲ ಕೆರೆಯುವುದು, ಹೊಟ್ಟೆ ಕಡೆ ತಿರುಗಿ ನೋಡುವುದು, ಮಲಗಿ ಹೊರಳುವುದು ಇದೆಯಾ? ಇದ್ದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ಇಲ್ಲದಿದ್ದರೂ ಲದ್ದಿ ಕಮ್ಮಿಯಾಗಿ ಮೇವೂ ಬಿಟ್ಟಿದೆ ಅಂದರೆ ಇವತ್ತೇ ಡಾಕ್ಟರಿಗೆ ಹೇಳಿ. ದೊಡ್ಡ ಕರುಳು ಒಂದು ಕಡೆ ಮಡಚಿ ಕಿರಿದಾಗುತ್ತದೆ, ನೀರು ಸಾಲದಿದ್ದರೆ ಮೇವು ಅಲ್ಲೇ ಕಟ್ಟಿಕೊಳ್ಳುತ್ತದೆ.

ಅಷ್ಟರಲ್ಲಿ ಇದನ್ನು ನೋಡಿ. ಒಸಡನ್ನು ಬೆರಳಿಂದ ಒತ್ತಿ ಬಿಡಿ, 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಒದ್ದೆಯಾಗಿ, ತಿಳಿ ಗುಲಾಬಿ ಇರಬೇಕು. ಸುಮ್ಮನೆ ನಿಂತಾಗ ನಾಡಿ ನಿಮಿಷಕ್ಕೆ 28ರಿಂದ 44. ಬಾಟಲಿಯಿಂದ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ವಾಘೋಲಿ_ಸವಾರ:
ಹೊರಳಾಟ ಇಲ್ಲ. ನಾಡಿ 44. ಒಸಡು ಸ್ವಲ್ಪ ಅಂಟಂಟು. ಡಾಕ್ಟರ್ ಸಂಜೆ ಬಂದು ಕರುಳಿನ ಸದ್ದು ಕೇಳಿದರು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ನೀರು ಬಿಟ್ಟರು. ಗಾಬರಿ ಬೇಡ, ಆದರೆ ಕಾರಣ ಹುಡುಕಿ ಅಂದರು.

ಬೆಳಗಾವಿ_ಕಾಕಾ:
ತಮ್ಮಾ, ದಿನಕ್ಕೆ ಎಷ್ಟು ಲೀಟರ್ ಕುಡಿಯುತ್ತಾಳೆ? ಮೇವು ಏನು?

ವಾಘೋಲಿ_ಸವಾರ:
ಇಲ್ಲಿ ಕಬ್ಬಿಣದ ಆಟೋಮ್ಯಾಟಿಕ್ ಬಟ್ಟಲು ಇದೆ ಕಾಕಾ, ಕುಡಿದಷ್ಟೂ ತುಂಬಿಕೊಳ್ಳುತ್ತದೆ. ಎಷ್ಟು ಅಂತ ಗೊತ್ತಿಲ್ಲ. ಮುಳಶಿಯಲ್ಲಿ ಲಸೂಣ್ ಘಾಸ್ ಜಾಸ್ತಿ ಇತ್ತು. ಇಲ್ಲಿ ಬರೀ ಒಣಹುಲ್ಲು.

ಬೆಳಗಾವಿ_ಕಾಕಾ:
ಅಲ್ಲೇ ಇದೆ ನೋಡು ತೊಂದರೆ. ಲಸೂಣ್ ಘಾಸ್ ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪೇ, ಹಸಿ ಮೇವು. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಒಣ ಹುಲ್ಲಿನಲ್ಲಿ ನೂರಕ್ಕೆ 10-15. ತಿನ್ನುತ್ತಾ ಸಿಗುತ್ತಿದ್ದ ನೀರನ್ನು ಈಗ ಕುಡಿದೇ ತುಂಬಿಸಬೇಕು. ಆ ತೂಕಕ್ಕೆ ಸುಮ್ಮನೆ ನಿಂತರೂ 20 ಲೀಟರ್ ಆಸುಪಾಸು ಬೇಕು. ಒಣ ಮೇವು, ಏಪ್ರಿಲ್ ಬಿಸಿಲು, ಸವಾರಿ ಸೇರಿದರೆ 30 ದಾಟಬಹುದು.

ಬಟ್ಟಲು ಬಂದ್ ಮಾಡು. 20 ಲೀಟರಿನ ಎರಡು ಪೇಂಟ್ ಡಬ್ಬಿ ಚೆನ್ನಾಗಿ ತೊಳೆದಿಡು. ಒಂದಕ್ಕೆ ಮುಳಶಿಯ ಬಾವಿ ನೀರು, ಇನ್ನೊಂದಕ್ಕೆ ಟ್ಯಾಂಕರ್ ನೀರು. ಬೆಳಿಗ್ಗೆ ಎಷ್ಟು ಉಳಿದಿದೆ ಅಳೆದು ಬರೆ. ಬ್ಲೀಚಿಂಗ್ ಅಂತ ನೀನು ಅಂದುಕೊಂಡಿದ್ದೀಯ, ಕುದುರೆಯನ್ನು ಕೇಳಿಲ್ಲ.

ಮಹಾಲಕ್ಷ್ಮಿ_ಮಂಜ:
ದಿನಕ್ಕೆ ಎರಡು ಚಮಚ ಉಪ್ಪು ಹಾಕಿ, ಬಾಯಾರಿಕೆ ಆಗುತ್ತೆ. ಇನ್ನೊಂದು, ಸವಾರಿ ಮುಗಿದ ತಕ್ಷಣ ನೀರು ಕೊಡಬಾರದು.

ಲಾಯದಕ್ಕ:
ಉಪ್ಪು ಸರಿ, ಆದರೆ ಕುಡಿಯೋಕೆ ಶುರುಮಾಡಿದ ಮೇಲೆ. ಈಗ ಹಾಕಿದರೆ ಉಲ್ಟಾ. ಎರಡನೇದು ಹಳೇ ಮಾತು ಮಂಜಣ್ಣ. ಬೆವರಿದ ಕುದುರೆಗೆ ಆಗಲೇ ಕುಡಿಯುವ ಆಸೆ ಇರುತ್ತದೆ, ತಡೆದರೆ ಆಮೇಲೆ ಆ ಆಸೆಯೇ ಹೋಗಬಹುದು. ಮೇವನ್ನು ನೆನೆಸಿ ಕೊಡಿ.

ವಾಘೋಲಿ_ಸವಾರ:
ನಾನು ಪೂರ್ತಿ ತಪ್ಪು! ರಾತ್ರಿ ಎರಡು ಡಬ್ಬಿಯಿಂದಲೂ ಕುಡಿದಿದ್ದಾಳೆ. ಬಾವಿ ನೀರು 11 ಲೀಟರ್, ಟ್ಯಾಂಕರ್ ನೀರು 9. ಅಂದರೆ ತಪ್ಪು ನೀರಿನದ್ದಲ್ಲ, ಬಟ್ಟಲಿನದ್ದು. ಮಧ್ಯಾಹ್ನ ಕೈ ಹಾಕಿ ನೋಡಿದೆ, ಚುರುಕ್ ಅಂತು. ಪೈಪು ತಗಡಿನ ಚಾವಣಿ ಮೇಲೆ ಹಾದು ಬರುತ್ತದೆ. ಸರಿ, ರಾತ್ರಿ ಯಾಕೆ ಕುಡಿಯುತ್ತಿರಲಿಲ್ಲ? ವಾಚ್‌ಮನ್‌ರನ್ನು ಕೇಳಿದೆ. ಬಟ್ಟಲು ಸೋರುತ್ತದೆ, ಟ್ಯಾಂಕರ್ ನೀರು ದಂಡ ಅಂತ ಅವರು ರಾತ್ರಿ 8ಕ್ಕೆ ವಾಲ್ವ್ ಬಂದ್ ಮಾಡುತ್ತಿದ್ದರಂತೆ! ಪಕ್ಕದ ಕುದುರೆಗಳಿಗೆ ಮೊದಲಿಂದಲೂ ಬಕೆಟ್ಟೇ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ.

ಬೆಳಗಾವಿ_ಕಾಕಾ:
ಹಗಲು ಕಾಫಿ ಬಿಸಿ, ರಾತ್ರಿ ಖಾಲಿ. ಪಾಪ ಅವಳೇನು ಮಾಡಬೇಕು?

ವಾಘೋಲಿ_ಸವಾರ:
3 ದಿನದ ಲೆಕ್ಕ: 27, 31, 32 ಲೀಟರ್. ಲದ್ದಿ ಮೆತ್ತಗಾಗಿದೆ, ಮೇವು ಬಿಡುತ್ತಿಲ್ಲ. ಉಪ್ಪು ನಿನ್ನೆಯಿಂದ ಶುರು. ಪೈಪಿಗೆ ಗೋಣಿಚೀಲ ಸುತ್ತಿದ್ದೇವೆ, ಆದರೂ ಡಬ್ಬಿ ತೆಗೆಯುವುದಿಲ್ಲ. ಅಂದ ಹಾಗೆ, ಆ ಫಿಲ್ಟರಿಗೆ ಅಡ್ವಾನ್ಸ್ ಕೊಟ್ಟಾಗಿತ್ತು, ವಾಪಸ್ ಬರುವ ಲಕ್ಷಣ ಇಲ್ಲ.