ಕಾಯಿಲೆಯಲ್ಲಿ ಕಾಡಿದ ನೆನಪನ್ನು ಗೆಳೆಯರಿಗೆ ಹೇಳಬೇಕೆ?

ಧಾರವಾಡದಿಂದ ಒಂದು ಪ್ರಶ್ನೆ: 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಒಂದೇ ಕೋಣೆಯಲ್ಲಿ ಮಲಗಿದ್ದಾಗ, ಎಂಟು ವರ್ಷಗಳಿಂದ ಬಲ್ಲ ಗೆಳೆಯರೊಬ್ಬರ ನೆನಪು ಬಿಡದೆ ಕಾಡಿತು. ಅದು ಗೆಳೆತನವಷ್ಟೇ ಅಲ್ಲ ಎಂದು ಆಗ ಅನ್ನಿಸಿತು, ಇಂದಿಗೂ ಹೇಳಿಲ್ಲ. ಅದು ಜ್ವರ ಹುಟ್ಟಿಸಿದ ಭಾವನೆಯೋ ನಿಜವಾದದ್ದೋ ಎಂದು ತಿಳಿಯುವುದು ಹೇಗೆ? ಅನುಭವವಿದ್ದವರು ತಿಳಿಸಬೇಕು.

ಹುಬ್ಬಳ್ಳಿಯ ವಿದ್ಯಾನಗರದಿಂದ:

ನಾನು ಮಲಗಿದ್ದೂ ಅದೇ ಮೇ ತಿಂಗಳಲ್ಲಿ. ನನ್ನನ್ನು ಕಾಡಿದ ಗೆಳೆಯರ ಪರಿಚಯವಾದದ್ದು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ. 2018ರಲ್ಲಿ ಚಿಗರಿ ಬಸ್ಸು ಬಂದು ಅವಳಿ ನಗರಗಳ ನಡುವಿನ ದಾರಿ ಚುರುಕಾದಾಗ ಬೇಸರಪಟ್ಟವರು ಬಹುಶಃ ನಾವಿಬ್ಬರೇ ಇರಬೇಕು, ಏಕೆಂದರೆ ಹಳೆಯ ಬೇಂದ್ರೆ ಬಸ್ಸು ಉಣಕಲ್ಲಿನಲ್ಲಿ ನಿಂತಲ್ಲಿಯೇ ನಿಂತರೆ ಅರ್ಧಕ್ಕೆ ಬಿಟ್ಟ ಮಾತೊಂದು ಮುಗಿಯುವಷ್ಟು ಹೊತ್ತು ಸಿಗುತ್ತಿತ್ತು. ಆ ಬೇಸರಕ್ಕೆ ಬೇರೆ ಅರ್ಥವಿರಬಹುದೆಂದು ಆಗ ನನಗೆ ಹೊಳೆಯಲಿಲ್ಲ.

ಮನೆಯಲ್ಲಿಯೇ ಪ್ರತ್ಯೇಕವಾಗಿರಲು ವೈದ್ಯರು ಹೇಳಿದ್ದರು. ಜ್ವರ, ನಾಡಿ, ಆಮ್ಲಜನಕ ಮೂರನ್ನೂ ದಿನಕ್ಕೆ ನಾಲ್ಕು ಸಲ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಿತ್ತು; ಆಮ್ಲಜನಕ 94ಕ್ಕಿಂತ ಇಳಿದರೆ ಅವರಿಗೆ ಫೋನ್ ಮಾಡಬೇಕಿತ್ತು. ಐದನೆಯ ರಾತ್ರಿ ಆಕ್ಸಿಮೀಟರ್ 89 ತೋರಿಸಿತು. ನಾನು ಫೋನ್ ಮಾಡಿದ್ದು ವೈದ್ಯರಿಗಲ್ಲ, ಇವರಿಗೆ. (ದಯವಿಟ್ಟು ಯಾರೂ ಹೀಗೆ ಮಾಡಬೇಡಿ.) “ಉಗುರಿಗೆ ಬಣ್ಣ ಹಚ್ಚೀರೇನ್ರಿ?” ಎಂದು ಕೇಳಿದರು. ಅತ್ತೆಯ ಮಗಳ ಮದುವೆಗೆಂದು ಹಚ್ಚಿದ ಕಡುಗೆಂಪು ಬಣ್ಣ ಇನ್ನೂ ಹಾಗೆಯೇ ಇತ್ತು. ಅದನ್ನು ಒರೆಸಿ, ತಣ್ಣಗಾಗಿದ್ದ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ, ಕೈ ಅಲುಗಿಸದೆ ಒಂದು ನಿಮಿಷ ಕುಳಿತು ನೋಡಿದರೆ 96 ಬಂದಿತು. ಉಗುರುಬಣ್ಣವೂ ತಣ್ಣನೆಯ ಬೆರಳೂ ಆ ಯಂತ್ರದ ಲೆಕ್ಕ ತಪ್ಪಿಸುತ್ತವೆ ಎಂಬುದನ್ನು ಅವರು ತಮ್ಮ ತಾಯಿಯ ಆರೈಕೆ ಮಾಡುವಾಗ ಕಲಿತಿದ್ದರಂತೆ.

ಅಂಗಡಿಗಳು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ತೆರೆದಿರುತ್ತಿದ್ದ ದಿನಗಳವು. ಆ ಹೊತ್ತಿನಲ್ಲಿಯೇ ಬಂದು ಒಂದು ದಿನ ಗೇಟಿಗೆ ಶೇಂಗಾ ಹಿಂಡಿಯ ಡಬ್ಬಿ ತೂಗುಹಾಕಿ ಹೋದರು. ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದರೆ ಬೆಳ್ಳುಳ್ಳಿಯ ಘಾಟೂ ಇಲ್ಲ, ಏನೂ ಇಲ್ಲ.

ತಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಜ್ವರ ಬಿಟ್ಟ ಮೇಲೆ ನಾನು ಆ ಡಬ್ಬಿಯನ್ನೂ ರಾತ್ರಿಯ ಫೋನುಗಳನ್ನೂ ಬದಿಗಿಟ್ಟು, 2020ರ ಮಾರ್ಚಿಗಿಂತ ಮೊದಲು ನಮ್ಮ ನಡುವೆ ಏನಿತ್ತು ಎಂಬುದನ್ನಷ್ಟೇ ನೆನಪಿಸಿಕೊಂಡೆ, ಏಕೆಂದರೆ ಕಷ್ಟದಲ್ಲಿ ಆದವರ ಋಣವೂ ದೂರದಿಂದ ನೋಡಿದರೆ ಪ್ರೀತಿಯಂತೆಯೇ ಕಾಣುತ್ತದೆ. ಹಾಗೆ ನೋಡಿದಾಗ ಸಿಕ್ಕಿದ್ದೇ ಹೆಚ್ಚು. ಉಣಕಲ್ಲಿನಲ್ಲಿ ನಿಂತ ಬಸ್ಸೊಂದೇ ಸಾಕಿತ್ತು. ಆಗಸ್ಟಿನಲ್ಲಿ ನವನಗರದ ಬಸ್ ನಿಲ್ದಾಣದಲ್ಲಿ, ಮಳೆ ನಿಲ್ಲುವುದನ್ನು ಕಾಯುತ್ತ ನಿಂತಿದ್ದಾಗ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಿಂಡಿ ಹ್ಯಾಂಗಿತ್ತು ಅಂತ ನೀವಿನ್ನೂ ಹೇಳಿಲ್ಲಲ್ರಿ” ಎಂದರು. ವಾಸನೆ, ರುಚಿ ಎರಡೂ ತಿಳಿದಿರಲಿಲ್ಲ ಎಂಬುದನ್ನು ಆಗ ಒಪ್ಪಿಕೊಳ್ಳಬೇಕಾಯಿತು. ಮರುದಿನವೇ ಇನ್ನೊಂದು ಡಬ್ಬಿ ಬಂದಿತು. ಎರಡೂ ಮನೆಯವರನ್ನು ಒಪ್ಪಿಸಿದ್ದು ಬೇರೆಯೇ ಪುರಾಣ.

ಗದಗದಿಂದ:

ನಾನು ಆಸ್ಪತ್ರೆಯ ಹಾಸಿಗೆಯಿಂದಲೇ, ರಾತ್ರಿ ಎರಡು ಗಂಟೆಗೆ, ಗೆಳತಿಗೆ ಎಲ್ಲವನ್ನೂ ಬರೆದು ಕಳುಹಿಸಿದವನು. ಆಮ್ಲಜನಕದ ಜೊತೆಗೆ ಡೆಕ್ಸಾಮೆಥಾಸೋನ್ ಕೊಡುತ್ತಿದ್ದರು. ಆ ಸ್ಟಿರಾಯ್ಡ್ ಕೆಲವರ ನಿದ್ದೆ ಕೆಡಿಸಿ ಮನಸ್ಸನ್ನು ವಿಪರೀತ ಉಬ್ಬಿಸುತ್ತದೆ ಎಂದು ವೈದ್ಯರು ಆಮೇಲೆ ತಿಳಿಸಿದರು. ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದವನಿಗೆ ‘ಇಲ್ಲ’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಅವರು ‘ಆಗಲಿ’ ಎಂದರು. ನಾನು ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಅವರು ನನ್ನ ಫೋನ್ ಎತ್ತಲಿಲ್ಲ. ಆ ಮಾತನ್ನು ನಾನಾಗಿಯೇ ಹಿಂದಕ್ಕೆ ಪಡೆದ ಮೇಲಷ್ಟೇ ಮೊದಲಿನಂತೆ ಮಾತನಾಡತೊಡಗಿದರು. ತಮಗೆ ಆ ತೊಡಕಿಲ್ಲ. ತಾವೀಗ ಗುಣವಾಗಿದ್ದೀರಿ, ಬೇಡವೆನಿಸಿದರೆ ಅವರು ಬೇಡವೆನ್ನಬಹುದು. ಹೇಳಿಬಿಡಿ.

ಹಾವೇರಿಯಿಂದ:

ಮೊದಲು ಅವರ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ನಾನು ಸರಿಯಾದ ಸಮಯಕ್ಕೆ ಕಾಯುತ್ತ ಕುಳಿತು, ಕೊನೆಗೆ ನಿಶ್ಚಿತಾರ್ಥದ ಊಟ ಮಾಡಿ ಬಂದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. 2020ರ ಮಾರ್ಚಿಗಿಂತ ಮೊದಲಿನದನ್ನು ಮಾತ್ರ ಬರೆಯೋಣವೆಂದು ನಿನ್ನೆ ರಾತ್ರಿ ಕುಳಿತೆ. ನಾಲ್ಕನೆಯ ಪುಟದಲ್ಲಿದ್ದೇನೆ, ಇನ್ನೂ 2016 ದಾಟಿಲ್ಲ. ಹಾವೇರಿಯವರು ಹೇಳಿದ್ದನ್ನು ಮಾತ್ರ ಇಂದೇ ವಿಚಾರಿಸುತ್ತೇನೆ.