ನೀಲಕುರಿಂಜಿ ಹರ್ಬೇರಿಯಂ ದಾಖಲೆಗಳು: ಜನವರಿ 1ಕ್ಕೆ ಹೂವು ಹೇಗೆ ಬಂತು?

ಪ್ರಶ್ನೆ
ನೀಲಕುರಿಂಜಿಯ (ಸ್ಟ್ರೊಬಿಲಾಂಥಿಸ್ ಕುಂತಿಯಾನಾ) ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ದಾಖಲೆಗಳನ್ನು ಜೀವಿವೈವಿಧ್ಯ ಮಾಹಿತಿಯ ಜಾಗತಿಕ ಜಾಲತಾಣ ಜಿಬಿಐಎಫ್‌ನಿಂದ ಇಳಿಸಿಕೊಂಡು, ಹೂಬಿಟ್ಟ ವರ್ಷಗಳ ಪಟ್ಟಿ ಮಾಡುತ್ತಿದ್ದೇನೆ. ಕೆಲವು ಸಾಲುಗಳಲ್ಲಿ ದಿನಾಂಕ ಜನವರಿ 1. ಮುಳ್ಳಯ್ಯನಗಿರಿಯದೆಂದು ಬರೆದಿರುವ ಒಂದು ಮಾದರಿ ನಕ್ಷೆಯಲ್ಲಿ ಬೆಟ್ಟ ಬಿಟ್ಟು ನೈಋತ್ಯಕ್ಕೆ ಬಹುದೂರ ಬೀಳುತ್ತಿದೆ. ಇಂಥವನ್ನು ತೆಗೆದುಹಾಕಲೇ?

ಉತ್ತರ 1
ತೆಗೆಯಬೇಡಿ, ಮೊದಲು ಗಿಡ ಅಂಟಿಸಿದ ಹಾಳೆಯ ಚಿತ್ರ ತೆರೆದು ಲೇಬಲ್ ಓದಿ. ಲೇಬಲ್‌ನಲ್ಲಿ ಬರೀ ಇಸವಿ ಇದ್ದರೆ ಕೆಲವು ತಂತ್ರಾಂಶಗಳು ಅದನ್ನು ಜನವರಿ 1 ಎಂದು ತುಂಬಿಬಿಡುತ್ತವೆ. ಇಸವಿ ಉಳಿಸಿ, ತಿಂಗಳು ಖಾಲಿ ಬಿಡಿ. 5/10/06 ಎಂದಿದ್ದರೆ ಇನ್ನೂ ಕಷ್ಟ: ಅಕ್ಟೋಬರೋ ಮೇಯೋ, 1906ರದೋ 2006ರದೋ? ಅದೇ ಸಂಗ್ರಾಹಕರ ಹಿಂದುಮುಂದಿನ ಸಂಗ್ರಹ ಸಂಖ್ಯೆಗಳ ದಿನಾಂಕ ನೋಡಿದರೆ ಬಹುಪಾಲು ಬಗೆಹರಿಯುತ್ತದೆ.

ಮುಳ್ಳಯ್ಯನಗಿರಿ ಇರುವುದು ಸುಮಾರು 13°23′ ಉತ್ತರ, 75°43′ ಪೂರ್ವದಲ್ಲಿ. ನಿಮ್ಮ ಸಾಲಿನಲ್ಲಿ 13.23, 75.43 ಎಂದಿದೆಯೇ ನೋಡಿ. ಇದ್ದರೆ ನಿಮಿಷಗಳನ್ನು ದಶಮಾಂಶವಾಗಿ ಬರೆದ ತಪ್ಪು ಅದು. ನಿಮಿಷವನ್ನು 60ರಿಂದ ಭಾಗಿಸಬೇಕು: 13.383, 75.717. ಆ ಒಂದು ತಪ್ಪಿಗೇ ಬಿಂದು ದಕ್ಷಿಣಕ್ಕೆ 17 ಕಿ.ಮೀ., ಪಶ್ಚಿಮಕ್ಕೆ 31 ಕಿ.ಮೀ. ಸರಿಯುತ್ತದೆ. ಎತ್ತರವನ್ನೂ ತಾಳೆ ನೋಡಿ. ಹಳೆಯ ಲೇಬಲ್‌ಗಳಲ್ಲಿ 6000 ಎಂದರೆ ಅಡಿ, ಅಂದರೆ ಸುಮಾರು 1830 ಮೀಟರ್.

ಉತ್ತರ 2
ಒಂದೇ ಸಂಗ್ರಹದ ಪ್ರತಿಗಳು ಕೊಯಮತ್ತೂರು, ಕೋಲ್ಕತ್ತ, ಲಂಡನ್ನಿನ ಕ್ಯೂ ಹೀಗೆ ಬೇರೆ ಬೇರೆ ಹರ್ಬೇರಿಯಂಗಳಲ್ಲಿ ಇರಬಹುದು. ಸಂಗ್ರಾಹಕ, ಸಂಖ್ಯೆ, ದಿನಾಂಕ ಮೂರೂ ಒಂದೇ ಆದರೆ ಒಂದೇ ಎಂದು ಎಣಿಸಿ. ಫ್ಲೆಬೋಫಿಲ್ಲಮ್ ಕುಂತಿಯಾನಮ್ ಎಂಬ ಹಳೆಯ ಹೆಸರಿನಲ್ಲೂ ಹುಡುಕಿ.

ಉತ್ತರ 3
ಗುರುತಿನ ಬಗ್ಗೆ ಒಂದು ಎಚ್ಚರಿಕೆ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ ಅರಳಿದ್ದನ್ನೂ ಜನ ನೀಲಕುರಿಂಜಿ ಎಂದೇ ಕರೆದರು. ಅದು ಸ್ಟ್ರೊಬಿಲಾಂಥಿಸ್ ಸೆಸಿಲಿಸ್. ಅದರ ಎಲೆಗೆ ತೊಟ್ಟಿಲ್ಲ, ಕುಂತಿಯಾನಾದ ಎಲೆಗೆ ತೊಟ್ಟಿದೆ. ಹೂವಿಲ್ಲದ ಹಾಳೆಯನ್ನು ಲೆಕ್ಕಕ್ಕೆ ಸೇರಿಸಬೇಡಿ.

ಎಲ್ಲ ಬೆಟ್ಟಗಳನ್ನು ಒಂದೇ ಪಟ್ಟಿಗೆ ಹಾಕುವುದು ದೊಡ್ಡ ತಪ್ಪು. ಮುನ್ನಾರಿನಲ್ಲಿ 2006, 2018ರಲ್ಲಿ ಅರಳಿತು, ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ 2022ರಲ್ಲಿ. ಬೆಟ್ಟಸಾಲಿಗೊಂದು ಪಟ್ಟಿ ಇರಲಿ. ಹನ್ನೆರಡು ವರ್ಷಗಳ ಚಕ್ರ ತಪ್ಪಿ ಅಲ್ಲಲ್ಲಿ ಒಂದೆರಡು ಗಿಡ ಹೂಬಿಡುವುದೂ ಉಂಟು. ಸಾಮೂಹಿಕವಾಗಿ ಅರಳಿತ್ತೆಂದು ಲೇಬಲ್‌ನಲ್ಲಿ ಬರೆದಿದ್ದರೆ ಮಾತ್ರ ಆ ವರ್ಷವನ್ನು ಹಾಗೆ ಗುರುತಿಸಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಸಾಲಿನಲ್ಲಿ 13.23, 75.43 ಎಂದೇ ಇದೆ. ತಿದ್ದಿದ ಅಂಕಿಗಳನ್ನು ಬೇರೆ ಕಾಲಮ್ಮಿನಲ್ಲಿ ಹಾಕುತ್ತೇನೆ, ಮೂಲ ಹಾಗೇ ಇರಲಿ.

ಉತ್ತರ 1
ಹಾಗೇ ಮಾಡಿ. ಹಾಳೆಯ ಬಾರ್‌ಕೋಡ್ ಸಂಖ್ಯೆ ಸಮೇತ ಆ ಹರ್ಬೇರಿಯಂಗೂ ಬರೆದು ತಿಳಿಸಿ. ಅಲ್ಲಿ ತಿದ್ದದಿದ್ದರೆ ಮುಂದೆ ಇಳಿಸಿಕೊಳ್ಳುವವರಿಗೂ ಇದೇ ಬಿಂದು ಸಿಗುತ್ತದೆ.